ಗೆರೆಗಳು ಕೂಡುವ ಜಾಗ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸಾಗುವ ಸುಮಾರು 20 ಕಿಲೋಮೀಟರ್ ರೈಲುಹಾದಿಯಲ್ಲಿ ಉಣಕಲ್, ಅಮರಗೋಳ, ನವಲೂರು ಎಂಬ ಮೂರು ಸಣ್ಣ ನಿಲ್ದಾಣಗಳಿವೆ. ನಡುವಿನದಾದ ಅಮರಗೋಳದ ಮಗ್ಗುಲಲ್ಲಿ ಹಬ್ಬಿರುವ ಬಡಾವಣೆ ನವನಗರ. 1962ರಲ್ಲಿ ಎರಡೂ ಊರುಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದ ಮೇಲೆ ಇವುಗಳ ನಡುವಿನ ಬಯಲು ತುಂಬುತ್ತ ಬಂದುದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿ. ಆದರೆ ಈ ಹಾದಿಯಲ್ಲಿ ಓಡುವ ಗಾಡಿಗಳ ನಡೆಯನ್ನು ಹುಬ್ಬಳ್ಳಿಯ ಕಂಟ್ರೋಲ್ ಆಫೀಸಿನಲ್ಲಿ ದಾಖಲಿಸುವ ನಕ್ಷೆಯಲ್ಲಿ ನವನಗರವೆಂಬ ಹೆಸರಿಲ್ಲ. 2009ರಲ್ಲಿ ಸ್ಥಾಪನೆಯಾದ ಕಾನೂನು ವಿಶ್ವವಿದ್ಯಾಲಯ, ಕ್ಯಾನ್ಸರ್ ಆಸ್ಪತ್ರೆ, ಮನೆಮಾರುಗಳೆಲ್ಲ ಸೇರಿದ ಇಡೀ ಬಡಾವಣೆ ಆ ನಕ್ಷೆಯಲ್ಲಿ ಅಮರಗೋಳ ಎಂದು ಗುರುತಿಸಿದ ಒಂದು ಅಡ್ಡಗೆರೆಯ ಆಸುಪಾಸಿನ ಖಾಲಿ ಜಾಗ, ಅಷ್ಟೇ.

ಅಳತೆಯ ಉಪಕರಣಗಳಿಂದ ಏಕಕಾಲಕ್ಕೆ ಬರುವ ಹಲವು ಸಂಕೇತಗಳನ್ನು ಒಂದೇ ಗ್ರಾಫಿನ ಮೇಲೆ ಗೊಂದಲವಿಲ್ಲದೆ ತೋರಿಸುವುದು ಹೇಗೆ ಎಂಬುದು ಇಂದು ಕಂಪ್ಯೂಟರ್ ತಂತ್ರಾಂಶ ಬರೆಯುವವರ ಪ್ರಶ್ನೆಯೆಂದು ಕಾಣುತ್ತದೆ. ಸಂಕೇತವೆಂದರೆ ಇಲ್ಲಿ ಉಷ್ಣತೆ, ಒತ್ತಡ, ಕಂಪನ, ವಿದ್ಯುತ್ ಒತ್ತಡ ಮುಂತಾದ ಯಾವುದೇ ಪ್ರಮಾಣವು ಕಾಲಕ್ಕೆ ತಕ್ಕಂತೆ ಏರಿಳಿಯುವ ಬಗೆ. ಕಂಪ್ಯೂಟರ್ ಬರುವುದಕ್ಕೆ ಬಹಳ ಮೊದಲೇ ರೈಲ್ವೆಯವರು ಇದೇ ಪ್ರಶ್ನೆಯನ್ನು ಎರಡು ಕಡೆ ಎದುರಿಸಿದ್ದರು: ಹಳಿಯ ಮೇಲಿನ ಗಾಡಿಗಳನ್ನು ನಡೆಸುವಾಗ ಒಮ್ಮೆ, ಹಳಿಯನ್ನೇ ಅಳೆಯುವಾಗ ಇನ್ನೊಮ್ಮೆ. ಎರಡು ಕಡೆಯೂ ಅವರು ಕಂಡುಕೊಂಡ ಉತ್ತರ ಒಂದೇ ಆಗಿರಲಿಲ್ಲವೆಂಬುದೇ ಈ ಚರಿತ್ರೆಯ ಸ್ವಾರಸ್ಯ.

ಮೊದಲನೆಯ ಬಗೆಯ ನಕ್ಷೆಯ ರಚನೆ ಸರಳ. ಹಾಳೆಯ ಉದ್ದಕ್ಕೆ, ಎಡದಿಂದ ಬಲಕ್ಕೆ, ಗಂಟೆ ನಿಮಿಷಗಳು. ಹಾಳೆಯ ಎತ್ತರಕ್ಕೆ, ಮೇಲಿನಿಂದ ಕೆಳಕ್ಕೆ, ನಿಲ್ದಾಣಗಳು, ಅವುಗಳ ನಡುವಿನ ದೂರಕ್ಕೆ ತಕ್ಕ ಅಂತರದಲ್ಲಿ. ಹುಬ್ಬಳ್ಳಿ ಮೇಲೆ, ಲೋಂಡಾ ಕೆಳಗೆ ಎಂದಿಟ್ಟುಕೊಂಡರೆ, ಹುಬ್ಬಳ್ಳಿಯಿಂದ ಹೊರಟ ಗಾಡಿ ಎಡಮೇಲಿನಿಂದ ಬಲಗೆಳಕ್ಕೆ ಇಳಿಯುವ ಓರೆಗೆರೆಯಾಗುತ್ತದೆ, ಎದುರಿನಿಂದ ಬರುವ ಗಾಡಿ ಬಲಮೇಲಕ್ಕೆ ಏರುವ ಗೆರೆಯಾಗುತ್ತದೆ. ಗೆರೆ ಕಡಿದಾಗಿದ್ದರೆ ಗಾಡಿ ವೇಗವಾಗಿದೆ, ಮಲಗಿದಂತಿದ್ದರೆ ನಿಧಾನವಾಗಿದೆ, ಪೂರ್ತಿ ಅಡ್ಡವಾಗಿ ಹರಿದರೆ ಗಾಡಿ ನಿಂತಿದೆ. ಒಂದು ಪಾಳಿಯಲ್ಲಿ ಓಡಿದ ಎಕ್ಸ್‌ಪ್ರೆಸ್ಸು, ಪ್ಯಾಸೆಂಜರು, ಗೂಡ್ಸ್ ಗಾಡಿಗಳೆಲ್ಲ ಇದೇ ಹಾಳೆಯ ಮೇಲೆ ಹೆಣೆದುಕೊಳ್ಳುವುದರಿಂದ, ಕಂಡರಿಯದವರಿಗೆ ಅದು ಸಿಕ್ಕುಬಿದ್ದ ದಾರದಂತೆ ತೋರಬಹುದು. ಬಲ್ಲವರಿಗೆ ಸಿಕ್ಕೇ ಅದರ ಸಾರ.

ಏಕೆಂದರೆ ಒಂಟಿಹಳಿಯ ಮೇಲೆ ಎದುರುಬದುರು ಬರುವ ಎರಡು ಗಾಡಿಗಳು ಒಂದನ್ನೊಂದು ದಾಟಬಹುದಾದ ಜಾಗ ನಿಲ್ದಾಣ ಮಾತ್ರ. ಅಲ್ಲಿ ಹೆಚ್ಚುವರಿ ಹಳಿಯಿರುತ್ತದೆ, ಒಂದು ಗಾಡಿ ಅದರಲ್ಲಿ ನಿಂತು ಇನ್ನೊಂದಕ್ಕೆ ದಾರಿ ಬಿಡುತ್ತದೆ. ಉತ್ತರ ಕರ್ನಾಟಕದ ಪ್ರಯಾಣಿಕರು ಕಾರಣವಿಲ್ಲದೆ ನಿಂತ ಗಾಡಿಯನ್ನು ಕಂಡು ‘ಕ್ರಾಸಿಂಗ್ ಇರಬೇಕು’ ಎಂದು ಸಮಾಧಾನ ಮಾಡಿಕೊಳ್ಳುವಾಗ ಹೇಳುವುದು ಇದನ್ನೇ. ನಕ್ಷೆಯ ಮೇಲೆ ಆ ಕ್ರಾಸಿಂಗ್ ಎರಡು ಗೆರೆಗಳು ಕೂಡುವ ಬಿಂದುವಾಗಿ ಕಾಣುತ್ತದೆ, ಆ ಬಿಂದು ನಿಲ್ದಾಣದ ಅಡ್ಡಗೆರೆಯ ಮೇಲೆಯೇ ಬೀಳಬೇಕು. ಅಮರಗೋಳದ ಗೆರೆಗೂ ನವಲೂರಿನ ಗೆರೆಗೂ ನಡುವಿನ ಬಯಲಿನಲ್ಲಿ ಎಲ್ಲಿಯಾದರೂ ಎರಡು ಗೆರೆಗಳು ಕೂಡುವಂತೆ ಯೋಜನೆ ಹಾಕಿದರೆ ಅದು ಕಾಗದದ ಮೇಲೆ ಬರೆದ ಅಪಘಾತ. ಹೀಗೆ ಈ ನಕ್ಷೆಯಲ್ಲಿ ಗೆರೆಗಳ ಕೂಡುವಿಕೆಗೆ ನೆಲದ ಮೇಲೆ ನಿಜವಾದ ಅರ್ಥವಿದೆ, ಅದಕ್ಕಾಗಿಯೇ ಅವೆಲ್ಲವನ್ನೂ ಒಂದರ ಮೇಲೊಂದು ಬರೆಯಬೇಕಾಗುತ್ತದೆ. ಒಂದೊಂದು ಗಾಡಿಗೆ ಒಂದೊಂದು ಬೇರೆ ಹಾಳೆ ಕೊಟ್ಟರೆ ಓದಲು ಸುಲಭವಾದೀತು, ಆದರೆ ಓದಬೇಕಾದ ಸಂಗತಿಯೇ ಅಲ್ಲಿ ಉಳಿಯದು.

ಈ ಬಗೆಯ ಚಿತ್ರವನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಮುಖ್ಯನಾದವನು ರೈಲ್ವೆಯವನಲ್ಲ, ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ. ಚಲನೆಯನ್ನೆಲ್ಲ ಗೆರೆಯಾಗಿ ಹಿಡಿಯಬಹುದೆಂದು ಸಾಧಿಸಲು ಅವನು 1878ರಲ್ಲಿ ಬರೆದ ಗ್ರಂಥದಲ್ಲಿ ಪ್ಯಾರಿಸ್ಸಿಗೂ ಲಿಯೋನಿಗೂ ನಡುವಿನ ಗಾಡಿಗಳ ನಕ್ಷೆಯನ್ನು ಅಚ್ಚು ಹಾಕಿಸಿ, ಅದರ ಕ್ರಮ ಇಬ್ರಿ ಎಂಬ ಎಂಜಿನಿಯರನದೆಂದು ತಿಳಿಸಿದ. ನಾಡಿಯ ಬಡಿತವನ್ನು ಬರೆಯುವ ಯಂತ್ರ ಕಟ್ಟಿದವನ ಪುಸ್ತಕದಲ್ಲಿ ರೈಲಿನ ನಕ್ಷೆ ಸೇರಿದ್ದು ಆಕಸ್ಮಿಕವಲ್ಲ, ಆ ಸಂಬಂಧಕ್ಕೆ ಮುಂದೆ ಮರಳಬೇಕಾಗುತ್ತದೆ.

ಮಾರೆಯ ಪುಸ್ತಕ ಹೊರಬಂದ ವರ್ಷ ಧಾರವಾಡ ಸೀಮೆಯಲ್ಲಿ ರೈಲು ಇರಲಿಲ್ಲ. ಇದ್ದದ್ದು 1876ರಿಂದ 1878ರವರೆಗಿನ ಭೀಕರ ಬರ. ದವಸ ಸಾಗಿಸಲು ದಾರಿಯಿಲ್ಲದೆ ಜನ ಸತ್ತ ಆ ಅನುಭವವು ರೈಲು ಹಾಕಲು ಸರ್ಕಾರಕ್ಕೆ ಒಂದು ಒತ್ತಾಯವಾದರೆ, ಇಲ್ಲಿಯ ಹತ್ತಿಯನ್ನು ಕಡಲಿಗೆ ಮುಟ್ಟಿಸುವ ವರ್ತಕರ ಹಂಬಲ ಇನ್ನೊಂದು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಹುಬ್ಬಳ್ಳಿ ಅದರ ಕಾರ್ಯಾಗಾರಗಳ ಊರಾಯಿತು. ಕಾರವಾರದ ಬಂದರಿಗೆ ಹೋಗಬೇಕೆಂದು ಮಾತಾಗಿದ್ದ ಹಾದಿ ಕೊನೆಗೆ ಗೋವೆಯ ಮುರಗಾವ್ ಬಂದರಿಗೆ ತಿರುಗಿ, ಧಾರವಾಡ, ಲೋಂಡಾ, ಕ್ಯಾಸಲ್ ರಾಕ್ ದಾಟಿ, 1888ರಲ್ಲಿ ಘಟ್ಟದ ಭಾಗ ತೆರೆಯುವುದರೊಂದಿಗೆ ಕಡಲು ಮುಟ್ಟಿತು. ಕರಾವಳಿಗೆ ನೇರವಾಗಿ ಇಳಿಯುವ ಹುಬ್ಬಳ್ಳಿ–ಅಂಕೋಲಾ ಹಾದಿಯ ಮಾತು ಮಾತ್ರ ಇಂದಿಗೂ ಮುಗಿದಿಲ್ಲ. ಹಾಕಿದ ಹಾದಿ ಮೀಟರ್ ಗೇಜ್, ಎಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್ ಅಂತರವುಳ್ಳದ್ದು, ಮತ್ತು ಒಂಟಿಹಳಿ.

ಗಾಡಿಗಳನ್ನೆಲ್ಲ ಒಂದೇ ಹಾಳೆಗೆ ತರಬೇಕಾದರೆ ಮೊದಲು ಅವುಗಳ ಕಾಲ ಒಂದಾಗಬೇಕು, ಆಗ ಅದೇ ಒಂದಾಗಿರಲಿಲ್ಲ. ಧಾರವಾಡ 75 ಡಿಗ್ರಿ ರೇಖಾಂಶದ ಮೇಲೆಯೇ ಇರುವುದರಿಂದ ಅದರ ಸೂರ್ಯಮಾನ ಗ್ರೀನಿಚ್‌ಗಿಂತ ಸರಿಯಾಗಿ ಐದು ಗಂಟೆ ಮುಂದೆ. ಹುಬ್ಬಳ್ಳಿ ತುಸು ಪೂರ್ವಕ್ಕಿರುವುದರಿಂದ ಅಲ್ಲಿ ನಡುಹಗಲು ಧಾರವಾಡಕ್ಕಿಂತ ಸುಮಾರು ಅರ್ಧ ನಿಮಿಷ ಮೊದಲೇ ಆಗುತ್ತದೆ. ಭಾರತದ ರೈಲ್ವೆಗಳು ಅನುಸರಿಸುತ್ತಿದ್ದ ಮದ್ರಾಸ್ ವೇಳೆ ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ ಮುಂದಿತ್ತು, ಧಾರವಾಡ ಜಿಲ್ಲೆಯನ್ನು ಆಳುತ್ತಿದ್ದ ಮುಂಬಯಿಯ ಸ್ಥಳೀಯ ವೇಳೆ 4 ಗಂಟೆ 51 ನಿಮಿಷ. ಹೀಗೆ ಧಾರವಾಡದ ಸೂರ್ಯ, ಮುಂಬಯಿಯ ಗಡಿಯಾರ, ರೈಲ್ವೆಯ ಗಡಿಯಾರ ಮೂರೂ ಮೂರು ಲೆಕ್ಕ ಹೇಳುತ್ತಿದ್ದವು. 1905ರ ಜುಲೈ 1ರಂದು ರೈಲ್ವೆಗಳು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಹೊಸ ಕಾಲಮಾನಕ್ಕೆ ಬದಲಾಗಿ ತಮ್ಮ ಗಡಿಯಾರಗಳನ್ನು ಸುಮಾರು ಒಂಬತ್ತು ನಿಮಿಷ ಮುಂದಿಟ್ಟವು. 1906ರ ಜನವರಿ 1ರಿಂದ ಅದೇ ದೇಶದ ಕಾಲಮಾನವಾಯಿತು, ಮುಂಬಯಿ ನಗರ ಮಾತ್ರ ತನ್ನ ಹಳೆಯ ವೇಳೆಯನ್ನು ಅಷ್ಟು ಬೇಗ ಬಿಟ್ಟುಕೊಡಲಿಲ್ಲ. ಇಂದಿನ ಅಳತೆ ತಂತ್ರಾಂಶದಲ್ಲಿ ಎರಡು ಉಪಕರಣಗಳ ಗಡಿಯಾರಗಳು ಕೆಲವು ಮಿಲಿಸೆಕೆಂಡು ಬೇರೆಯಾಗಿದ್ದಾಗ ಕಾರಣಕ್ಕಿಂತ ಮೊದಲೇ ಪರಿಣಾಮ ಕಾಣಿಸಿಕೊಳ್ಳುವ ವಿಪರೀತವೂ ಇದೇ ಜಾತಿಯದು.

20ನೇ ಶತಮಾನದಲ್ಲಿ ಟೆಲಿಫೋನ್ ಬಂದ ಮೇಲೆ ಈ ನಕ್ಷೆ ವೇಳಾಪಟ್ಟಿ ತಯಾರಿಸುವ ಸಾಧನವಾಗಿದ್ದದ್ದು ಗಾಡಿ ನಡೆಸುವ ಸಾಧನವಾಯಿತು. ಒಂದು ವಿಭಾಗದ ನಿಲ್ದಾಣಗಳೆಲ್ಲ ಒಂದೇ ತಂತಿಯ ಮೇಲೆ ಕಂಟ್ರೋಲರನ ಕಿವಿಗೆ ಜೋಡಿಸಿಕೊಂಡವು. ಗಾಡಿ ಬಂತು, ಹೋಯಿತು ಎಂದು ಸ್ಟೇಷನ್ ಮಾಸ್ತರರು ಹೇಳಿದಂತೆ ಅವನು ತನ್ನ ಮುಂದಿನ ದೊಡ್ಡ ಹಾಳೆಯ ಮೇಲೆ ಗೆರೆಯನ್ನು ಬೆಳೆಸುತ್ತ, ಮುಂದಿನ ಕ್ರಾಸಿಂಗ್ ಎಲ್ಲಿ ಬೀಳುವುದೆಂದು ಅಂದಾಜು ಗೆರೆ ಎಳೆದು ನೋಡುತ್ತ, ಯಾವ ಗಾಡಿಯನ್ನು ಯಾವ ನಿಲ್ದಾಣದಲ್ಲಿ ತಡೆಯಬೇಕೆಂದು ಹೇಳುತ್ತಿದ್ದ. ಒಂದು ನಿಲ್ದಾಣವು ಮುಂದಿನ ನಿಲ್ದಾಣವನ್ನು ಕೇಳಿ ಹಳಿ ಖಾಲಿಯೆಂದು ಖಚಿತಮಾಡಿಕೊಳ್ಳುವ ‘ಲೈನ್ ಕ್ಲಿಯರ್’ ಪದ್ಧತಿ ಮೊದಲಿನಂತೆಯೇ ನಡೆದಿದ್ದರಿಂದ, ನಕ್ಷೆ ತಪ್ಪಿದರೂ ಗಾಡಿಗಳು ಡಿಕ್ಕಿಯಾಗುತ್ತಿರಲಿಲ್ಲ, ತಡವಾಗುತ್ತಿದ್ದವು. ಗಾಡಿಯ ವರ್ಗಕ್ಕೊಂದು ಬಣ್ಣದ ಪೆನ್ಸಿಲ್ ಇತ್ತು. ಬಣ್ಣ ಇಲ್ಲಿ ಗುರುತಿಗೆ ಒದಗುವ ನೆರವು ಮಾತ್ರ, ಗಾಡಿಯ ಸಂಖ್ಯೆಯನ್ನು ಗೆರೆಯ ಮೇಲೆಯೇ ಬರೆಯುತ್ತಿದ್ದರು. ಪಕ್ಕದಲ್ಲೊಂದು ಬಣ್ಣಗಳ ಪಟ್ಟಿ ಕೊಟ್ಟು, ನೋಡುವವರ ಕಣ್ಣು ಗೆರೆಯಿಂದ ಪಟ್ಟಿಗೆ, ಪಟ್ಟಿಯಿಂದ ಗೆರೆಗೆ ಓಡಾಡುವಂತೆ ಮಾಡುವ ಇಂದಿನ ಅನೇಕ ತಂತ್ರಾಂಶಗಳು ಈ ಸಣ್ಣ ವಿವೇಕವನ್ನು ಮರೆತಿವೆ.

ಇದೇ ಹಳಿಯ ಮೇಲೆ ಓಡುವ ಇನ್ನೊಂದು ಬಗೆಯ ಗಾಡಿಯ ಕೆಲಸ ಜನರನ್ನಾಗಲಿ ಸರಕನ್ನಾಗಲಿ ಸಾಗಿಸುವುದಲ್ಲ, ಹಳಿಯನ್ನು ಅಳೆಯುವುದು. ಟ್ರ್ಯಾಕ್ ರೆಕಾರ್ಡಿಂಗ್ ಕಾರ್ ಎಂದು ಕರೆಯುವ ಈ ಬೋಗಿಯು ಓಡುತ್ತಿರುವಂತೆಯೇ ಎರಡು ಹಳಿಗಳ ನಡುವಿನ ಅಂತರ ಎಷ್ಟು ಹಿಗ್ಗಿದೆ ಅಥವಾ ಕುಗ್ಗಿದೆ, ಎಡ ಮತ್ತು ಬಲ ಹಳಿಗಳು ಎಲ್ಲೆಲ್ಲಿ ತಗ್ಗಿವೆ, ಎಲ್ಲಿ ಅಡ್ಡಕ್ಕೆ ಸರಿದಿವೆ, ಒಂದು ಹಳಿ ಇನ್ನೊಂದಕ್ಕಿಂತ ಎತ್ತರವಾಗುತ್ತ ಹೋಗಿ ಹಾದಿ ಎಲ್ಲಿ ತಿರುಚಿಕೊಂಡಿದೆ ಎಂಬುದನ್ನೆಲ್ಲ ಒಟ್ಟಿಗೆ ಗುರುತಿಸುತ್ತದೆ. ಮೊದಲಿನ ಬೋಗಿಗಳಲ್ಲಿ ಹಳಿಯನ್ನು ಮುಟ್ಟುತ್ತ ಸಾಗುವ ಭಾಗಗಳ ಚಲನೆ ಯಾಂತ್ರಿಕವಾಗಿ ಲೇಖನಿಗಳಿಗೆ ಮುಟ್ಟಿ ಕಾಗದದ ಸುರುಳಿಯ ಮೇಲೆ ಗೆರೆಯಾಗುತ್ತಿತ್ತು; ಲಖನೌದಲ್ಲಿರುವ, 1957ರಲ್ಲಿ ರೂಪುಗೊಂಡ ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಓ ಈ ಅಳತೆಯ ಓಟಗಳನ್ನು ನೋಡಿಕೊಳ್ಳುತ್ತ ಬಂದಿದೆ.

ಈ ಸುರುಳಿಯಲ್ಲಿ ಗೆರೆಗಳು ಹೆಣೆದುಕೊಳ್ಳುವುದಿಲ್ಲ. ಪ್ರತಿಯೊಂದು ಅಳತೆಗೂ ಅದರದೇ ಪಟ್ಟಿ, ಅದರದೇ ಶೂನ್ಯದ ಗೆರೆ, ಅದರದೇ ಮಾಪ. ಎಲ್ಲಕ್ಕೂ ಸಮಾನವಾದುದು ಅಡ್ಡಕ್ಕೆ ಹರಿಯುವ ದೂರ ಮಾತ್ರ. ಇಲ್ಲಿ ಸಮಾನ ಅಕ್ಷ ಕಾಲವಾಗಿರದೆ ಕಿಲೋಮೀಟರ್ ಆಗಿದೆ ಎಂಬುದನ್ನೂ ಗಮನಿಸಬೇಕು, ಏಕೆಂದರೆ ದುರಸ್ತಿಯ ತಂಡಕ್ಕೆ ಬೇಕಾದುದು ಬೋಗಿ ಎಷ್ಟು ಹೊತ್ತಿಗೆ ಕುಲುಕಿತೆಂಬುದಲ್ಲ, ಎಲ್ಲಿ ಕುಲುಕಿತೆಂಬುದು. ಕಿಲೋಮೀಟರ್ ಕಲ್ಲು, ಸೇತುವೆ, ಲೆವೆಲ್ ಕ್ರಾಸಿಂಗ್ ಬಂದಾಗ ಸುರುಳಿಯ ಮೇಲೆ ಗುರುತು ಬೀಳುತ್ತದೆ. ಓದುವ ಕ್ರಮವೂ ಬೇರೆ: ಕಣ್ಣು ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿಯಬೇಕು. ಒಂದೇ ಜಾಗದಲ್ಲಿ ತಗ್ಗಿನ ಗೆರೆಯೂ ತಿರುಚಿನ ಗೆರೆಯೂ ಒಟ್ಟಿಗೆ ಚಿಮ್ಮಿದ್ದರೆ ಒಂದು ಬದಿಯ ಸ್ಲೀಪರ್‌ಗಳ ಕೆಳಗಿನ ಜಲ್ಲಿ ಸಡಿಲಾಗಿದೆಯೆಂದು ಊಹಿಸಬಹುದು; ಅಂತರದ ಗೆರೆ ಮಾತ್ರ ಏರಿದ್ದರೆ ದೋಷವನ್ನು ಹಳಿಯ ಬಿಗಿತದಲ್ಲಿ ಹುಡುಕಬೇಕು. ಹುಬ್ಬಳ್ಳಿಯ ಪೂರ್ವಕ್ಕೆ ಹರಡಿದ ಎರೆಭೂಮಿಯಂಥ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಅದರ ಮೇಲೆ ಕಟ್ಟಿದ ಏರಿಯಲ್ಲಿ ತಗ್ಗುಗಳು ಮತ್ತೆ ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಅಂತರದ ಗೆರೆಯೂ ತಗ್ಗಿನ ಗೆರೆಯೂ ಕಾಗದದ ಮೇಲೆ ಒಂದನ್ನೊಂದು ಕತ್ತರಿಸಿದರೆ ಅದಕ್ಕೆ ಯಾವ ಅರ್ಥವೂ ಇಲ್ಲ, ಏಕೆಂದರೆ ಅವು ಬೇರೆ ಬೇರೆ ಪ್ರಮಾಣಗಳು.

ಹೀಗೆ ಒಂದೇ ಹಾದಿಯ ಎರಡು ನಕ್ಷೆಗಳು ಎರಡು ವಿರುದ್ಧ ನಿಯಮಗಳನ್ನು ಪಾಲಿಸುತ್ತವೆ, ಎರಡೂ ಸರಿ. ಎರಡೂ ಅಕ್ಷಗಳು ಎಲ್ಲ ಗೆರೆಗಳಿಗೂ ಸಮಾನವಾಗಿದ್ದಾಗ ಗೆರೆಗಳು ಒಂದರ ಮೇಲೊಂದು ಬರಬೇಕು. ಒಂದೇ ಅಕ್ಷ ಸಮಾನವಾಗಿದ್ದಾಗ ಅವು ಒಂದರ ಕೆಳಗೊಂದು ಇರಬೇಕು. ಈ ಭೇದವನ್ನು ಮರೆತ ಚಿತ್ರಗಳ ಚರಿತ್ರೆಯೂ ಹಳೆಯದೇ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರ ತನ್ನ ಪುಸ್ತಕದಲ್ಲಿ ಇಂಗ್ಲೆಂಡಿನ ಆಮದು ರಫ್ತುಗಳನ್ನು ಎರಡು ಗೆರೆಗಳಾಗಿ ಒಂದೇ ಚಿತ್ರದಲ್ಲಿ ಬರೆದಾಗ ಎರಡೂ ಹಣದ ಮೊತ್ತಗಳೇ ಆಗಿದ್ದರಿಂದ, ಅವು ಕೂಡುವ ಜಾಗದಲ್ಲಿ ವ್ಯಾಪಾರದ ಲಾಭ ನಷ್ಟಕ್ಕೆ ತಿರುಗುತ್ತಿತ್ತು. ಅವನೇ 1821ರಲ್ಲಿ ಗೋಧಿಯ ಬೆಲೆಯನ್ನೂ ಕೂಲಿಯನ್ನೂ ಒಂದೇ ಚಿತ್ರಕ್ಕೆ ತಂದಾಗ ಎರಡೂ ಶಿಲಿಂಗಿನಲ್ಲಿದ್ದರೂ, ಒಂದು ಕ್ವಾರ್ಟರ್ ಎಂಬ ಅಳತೆಯ ಗೋಧಿಗೆ ಕೊಡುವ ಬೆಲೆಗೂ ಕುಶಲಕರ್ಮಿಯ ಒಂದು ವಾರದ ಕೂಲಿಗೂ ನಡುವೆ ಕಾಗದದ ಮೇಲೆ ಕಾಣುವ ಅಂತರ ಏನನ್ನೂ ಹೇಳುತ್ತಿರಲಿಲ್ಲ. ಬಲಕ್ಕೊಂದು ಎಡಕ್ಕೊಂದು ಮಾಪವಿಟ್ಟು ಎರಡು ಬೇರೆ ಪ್ರಮಾಣಗಳನ್ನು ಒಂದೇ ಚೌಕಟ್ಟಿಗೆ ತುರುಕುವ ಇಂದಿನ ಜೋಡಿ ಅಕ್ಷದ ಗ್ರಾಫುಗಳಲ್ಲಿ ಮಾಪವನ್ನು ತುಸು ಹಿಗ್ಗಿಸಿದರೆ ಸಾಕು, ಗೆರೆಗಳು ಕೂಡುವ ಜಾಗವೇ ಬದಲಾಗುತ್ತದೆ. ಪತ್ರಿಕೆಗಳಲ್ಲಿ ಬರುವ ಇಂಥ ಗ್ರಾಫುಗಳನ್ನು ಅನುಮಾನದಿಂದಲೇ ನೋಡುವುದು ಲೇಸು.

ಒಂದರ ಕೆಳಗೊಂದು ಎಂಬ ಕ್ರಮದ ಮೂಲ ಶರೀರವಿಜ್ಞಾನದ ಪ್ರಯೋಗಶಾಲೆಗಳಲ್ಲಿದೆ. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್ ಮಸಿ ಹಿಡಿಸಿದ ಕಾಗದ ಸುತ್ತಿದ, ಸಮವೇಗದಲ್ಲಿ ತಿರುಗುವ ಉರುಳೆಯ ಮೇಲೆ ರಕ್ತದೊತ್ತಡದ ಏರಿಳಿತವನ್ನು ಗೀಚಿಸಿದ. 1860ರ ದಶಕದ ಮೊದಲಲ್ಲಿ ಮಾರೆಯು ಶೋವೊ ಎಂಬ ಪಶುವೈದ್ಯ ವಿಜ್ಞಾನಿಯೊಡನೆ ಸೇರಿ ಕುದುರೆಯ ಹೃದಯದ ಮೇಲ್ಕೋಣೆ, ಕೆಳಕೋಣೆಗಳ ಒತ್ತಡವನ್ನೂ ಎದೆಯ ಮೇಲೆ ಬಡಿಯುವ ಮಿಡಿತವನ್ನೂ ಒಂದೇ ಉರುಳೆಯ ಮೇಲೆ ಮೂರು ಗೆರೆಗಳಾಗಿ ಬರೆಸಿ, ಹೃದಯದ ಬಡಿತ ಯಾವ ಕೋಣೆಯ ಸಂಕೋಚಕ್ಕೆ ಸೇರಿದ್ದೆಂಬ ವಾದವನ್ನು ಇತ್ಯರ್ಥಗೊಳಿಸಿದ. ಮೂರು ಲೇಖನಿಗಳ ಮೊನೆಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಆ ತೀರ್ಮಾನವೇ ಬಿದ್ದುಹೋಗುತ್ತಿತ್ತು. ಮುಂದೆ ಕಾರ್ಖಾನೆಗಳ ಕಾಗದದ ರೆಕಾರ್ಡರ್‌ಗಳಲ್ಲಿ ಲೇಖನಿಗಳು ಇಡೀ ಅಗಲವನ್ನು ಹಂಚಿಕೊಂಡು ಓಡಾಡಬೇಕೆಂದಾಗ, ಅವು ಒಂದಕ್ಕೊಂದು ಬಡಿಯದಂತೆ ತುಸು ಹಿಂದೆ ಮುಂದೆ ಜೋಡಿಸಬೇಕಾಯಿತು. ಅದರಿಂದ ಏಕಕಾಲದ ಘಟನೆಗಳು ಕಾಗದದ ಮೇಲೆ ಬೇರೆ ಬೇರೆ ಜಾಗಕ್ಕೆ ಬೀಳತೊಡಗಿದವು, ಆ ತಪ್ಪನ್ನು ತಿದ್ದಲು ಕೆಲವು ಸಂಕೇತಗಳನ್ನು ಬೇಕೆಂದೇ ತಡಮಾಡಿ ಬರೆಸುವ ವಿದ್ಯುನ್ಮಾನ ಏರ್ಪಾಡು ಬಂತು. ಬೆಳಕಿನ ಚುಕ್ಕೆಯಿಂದ ಗೆರೆ ಬರೆಯುವ ಆಸಿಲೋಸ್ಕೋಪಿನಲ್ಲಿ ಬಡಿದಾಡಲು ಲೇಖನಿಗಳಿಲ್ಲವಾದರೂ ಕಿರಣ ಒಂದೇ ಇದ್ದದ್ದರಿಂದ, ಅದು ಒಮ್ಮೆ ಈ ಸಂಕೇತವನ್ನು ಒಮ್ಮೆ ಆ ಸಂಕೇತವನ್ನು ಬರೆಯುತ್ತ, ಕಣ್ಣಿಗೆ ಎರಡೂ ಒಟ್ಟಿಗೆ ಇರುವಂತೆ ತೋರಿಸುವ ಉಪಾಯ ಹೂಡಿತು.

ಕಂಪ್ಯೂಟರ್ ತಂತ್ರಾಂಶಕ್ಕೆ ಈ ಯಾವ ತೊಡಕೂ ಇಲ್ಲ. 1986ರಲ್ಲಿ ಬಂದ ಲ್ಯಾಬ್‌ವ್ಯೂನಂಥ ಅಳತೆ ತಂತ್ರಾಂಶಗಳು ಗೆರೆಗಳನ್ನು ಒಂದರ ಮೇಲೊಂದು ಹೊದಿಸುವ, ಒಂದರ ಕೆಳಗೊಂದು ಪೇರಿಸುವ ಎರಡೂ ಬಗೆಗಳನ್ನು ಬಳಕೆದಾರನ ಆಯ್ಕೆಗೆ ಬಿಟ್ಟವು, ಅಲ್ಲಿಂದಲೇ ಗೊಂದಲವೂ ಸುಲಭವಾಯಿತು; ಲೇಖನಿಗಳ ಸಂಖ್ಯೆಯ ಮಿತಿ ಹೋದ ಮೇಲೆ ಇಪ್ಪತ್ತು ಬಣ್ಣದ ಗೆರೆಗಳನ್ನು ಒಂದೇ ಚೌಕಟ್ಟಿಗೆ ಸುರಿಯಲು ತಡೆಯೇ ಉಳಿಯಲಿಲ್ಲ. ಹೊಸದಾಗಿ ಹುಟ್ಟಿದ ತೊಡಕೂ ಒಂದಿದೆ. ಸಾವಿರ ಚುಕ್ಕೆಗಳಷ್ಟು ಅಗಲದ ಪರದೆಯ ಮೇಲೆ ಹತ್ತು ಲಕ್ಷ ಅಳತೆಗಳನ್ನು ತೋರಿಸಬೇಕಾದಾಗ ಒಂದು ಚುಕ್ಕೆಯ ಪಾಲಿಗೆ ಸಾವಿರ ಅಳತೆಗಳು ಬರುತ್ತವೆ. ಸಾವಿರಕ್ಕೊಂದನ್ನು ಆರಿಸಿ ಉಳಿದುದನ್ನು ಬಿಟ್ಟರೆ ಕ್ಷಣಮಾತ್ರದ ಚಿಮ್ಮುವಿಕೆ ಕಾಣದೆ ಹೋಗುತ್ತದೆ, ಆದ್ದರಿಂದ ಆ ಸಾವಿರದಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳೆರಡನ್ನೂ ಉಳಿಸಿಕೊಂಡು ನಿಲುಗೆರೆಯಾಗಿ ತೋರಿಸುವುದು ಒಳ್ಳೆಯ ತಂತ್ರಾಂಶದ ಲಕ್ಷಣ. ಹಳಿಯ ಅಳತೆಯಲ್ಲಿ ಚಿಮ್ಮುವಿಕೆಯೇ ಮುಖ್ಯ, ಸರಾಸರಿ ಅಲ್ಲ.

ಹುಬ್ಬಳ್ಳಿಯ ರೈಲುಹಾದಿಯ ಮೇಲಿನ ಯಜಮಾನಿಕೆ ಹಲವು ಸಲ ಕೈಬದಲಾಯಿತು: 1908ರಲ್ಲಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ, 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯನ್ನೇ ಕೇಂದ್ರವಾಗಿ ಉಳ್ಳ ನೈರುತ್ಯ ರೈಲ್ವೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ 1676 ಮಿಲಿಮೀಟರ್ ಅಂತರದ ಬ್ರಾಡ್‌ಗೇಜ್ ಬಂತು. ಆಮೇಲೆ ರೈಲ್ವೆಯ ಮಾಹಿತಿ ಸಂಸ್ಥೆ ‘ಕ್ರಿಸ್’ ರೂಪಿಸಿದ ತಂತ್ರಾಂಶ ದೇಶದ ಕಂಟ್ರೋಲ್ ಆಫೀಸುಗಳಿಗೆ ಬಂದು, ಪೆನ್ಸಿಲ್ ಮತ್ತು ರಬ್ಬರಿನ ಕೆಲಸವನ್ನು ಪರದೆ ವಹಿಸಿಕೊಂಡಿತು. ಗಾಡಿ ಎಲ್ಲಿದೆಯೆಂದು ಪ್ರಯಾಣಿಕರು ಮೊಬೈಲಿನಲ್ಲಿ ನೋಡುವ ಮಾಹಿತಿಯ ಮೂಲವೂ ಇದೇ ನಕ್ಷೆ. ಅಳತೆಯ ಬೋಗಿಗಳಲ್ಲೂ ಲೇಖನಿಯ ಬದಲು ಕಂಪ್ಯೂಟರ್ ಬಂದಿದೆ. ಉಪಕರಣಗಳು ಬದಲಾದರೂ ಎರಡೂ ನಕ್ಷೆಗಳ ರೂಪ ಬದಲಾಗಲಿಲ್ಲ: ಕಂಟ್ರೋಲರನ ಪರದೆಯ ಮೇಲೆ ಗೆರೆಗಳು ಈಗಲೂ ಹೆಣೆದುಕೊಳ್ಳುತ್ತವೆ, ಹಳಿಯ ದಾಖಲೆಯಲ್ಲಿ ಈಗಲೂ ಪಟ್ಟಿಪಟ್ಟಿಯಾಗಿ ಸಾಗುತ್ತವೆ.

ಬದಲಾದದ್ದು ನೆಲ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಹಾದಿ ಜೋಡಿಹಳಿಯಾದ ಮೇಲೆ ಎದುರುಬದುರು ಗಾಡಿಗಳ ಗೆರೆಗಳು ಅಮರಗೋಳದ ಗೆರೆಯ ಮೇಲೆಯೇ ಕೂಡಬೇಕೆಂಬ ಕಟ್ಟುಪಾಡು ಹೋಯಿತು. ಅವು ನವನಗರದ ಮನೆಗಳ ಹಿಂದೆ ಎಲ್ಲಿ ಬೇಕಾದರೂ, ನಿಲ್ಲದೆಯೇ, ಒಂದನ್ನೊಂದು ಹಾದುಹೋಗಬಹುದು. ಕ್ಯಾಸಲ್ ರಾಕ್‌ನಿಂದ ಕುಳೆಗೆ ಇಳಿಯುವ ಘಟ್ಟದಲ್ಲಿ, 37 ಅಡಿಗೆ ಒಂದಡಿ ಏರುವ ಸುಮಾರು 26 ಕಿಲೋಮೀಟರಿನಲ್ಲಿ, ಭಾರದ ಗಾಡಿಗಳನ್ನು ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನುಗಳು ಬೇಕು, ಇಳಿಯುವ ಗಾಡಿಗೂ ವೇಗದ ಮಿತಿಯಿದೆ, ಆದ್ದರಿಂದ ನಕ್ಷೆಯಲ್ಲಿ ಅಲ್ಲಿಯ ಗೆರೆಗಳು ಎರಡೂ ಕಡೆಗೆ ಮಲಗಿದಂತಿರುತ್ತವೆ. ಆ ಭಾಗವನ್ನು ಜೋಡಿಹಳಿ ಮಾಡಲು ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಕಾರಂಜೋಳ, ದೂಧಸಾಗರ, ಸೋನಾಲಿಯಂಗಳ ಅಡ್ಡಗೆರೆಗಳ ಮೇಲೆ, 1888ರಲ್ಲಿದ್ದಂತೆಯೇ, ಒಂದು ಗಾಡಿ ನಿಂತು ಇನ್ನೊಂದಕ್ಕೆ ಕಾಯುತ್ತದೆ.